ಹಿಂದೆ ಕುಸಿದರೆ ಮುಂದೆ ಹಗುರ!
ಮನೆಬಂಡಿ ಎಳೆಯುವ ಟ್ರಕ್ಕಿನ ಕಮಾನುಗಳ ವಿಜ್ಞಾನ

ಮಕ್ಕಳೇ, ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತು ಪ್ರಯಾಣ ಮಾಡಿದ್ದೀರಾ? ರಸ್ತೆಯ ಒಂದೊಂದು ಹಳ್ಳಕ್ಕೂ ನಿಮ್ಮನ್ನು ಸೀಟಿನಿಂದ ಮೇಲಕ್ಕೆ ಎಗರಿಸಿಬಿಡುತ್ತದೆ. ಬಸ್ಸಿನ ನಡುವೆ ಕುಳಿತವರಿಗೆ ಅಷ್ಟು ಕುಲುಕಾಟವಿರುವುದಿಲ್ಲ. ಏಕೆ ಹೀಗೆ? ಕೊನೆಯ ಸೀಟು ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಇರುತ್ತದೆ. ಚಕ್ರದ ಆಚೆಗೆ ಚಾಚಿಕೊಂಡಿರುವ ಆ ಭಾಗ ಒಂದು ಸನ್ನೆಯ ತುದಿಯಂತೆ ಹೆಚ್ಚು ಮೇಲೆ ಕೆಳಗೆ ಆಡುತ್ತದೆ.

ಚಕ್ರದ ಆಚೆಗೆ ಚಾಚಿದ ಆ ತುದಿಗೇ ಒಂದು ದೊಡ್ಡ ಭಾರವನ್ನು ಕಟ್ಟಿದರೆ ಏನಾಗುತ್ತದೆ? ಅದನ್ನೇ ಈ ಪಾಠದಲ್ಲಿ ತಿಳಿಯೋಣ.

ಚಕ್ರದ ಮೇಲೊಂದು ಮನೆ

ಅಮೆರಿಕ, ಕೆನಡಾ ದೇಶಗಳಲ್ಲಿ ಅನೇಕ ಕುಟುಂಬಗಳು ರಜೆಯಲ್ಲಿ ಪ್ರವಾಸ ಹೊರಡುವಾಗ ಪುಟ್ಟ ಮನೆಯನ್ನೇ ಜೊತೆಗೆ ಎಳೆದುಕೊಂಡು ಹೋಗುತ್ತವೆ. ಮಲಗಲು ಹಾಸಿಗೆ, ಅಡುಗೆಯ ಒಲೆ, ನೀರಿನ ತೊಟ್ಟಿ ಎಲ್ಲವೂ ಅದರೊಳಗೆ ಇರುತ್ತವೆ. ಇದಕ್ಕೆ ಪ್ರವಾಸಿ ಟ್ರೈಲರ್ ಎಂದು ಹೆಸರು. ನಾವು ಇದನ್ನು 'ಮನೆಬಂಡಿ' ಎಂದು ಕರೆಯೋಣ. 1936ರಲ್ಲಿ ವಾಲಿ ಬಯಾಮ್ ಎಂಬುವರು ಅಮೆರಿಕದಲ್ಲಿ 'ಏರ್‌ಸ್ಟ್ರೀಮ್ ಕ್ಲಿಪ್ಪರ್' ಎಂಬ ಅಲ್ಯೂಮಿನಿಯಂ ಹೊದಿಕೆಯ ಮನೆಬಂಡಿಯನ್ನು ಹೊರತಂದರು. ಬೆಳ್ಳಿಯಂತೆ ಹೊಳೆಯುವ ಏರ್‌ಸ್ಟ್ರೀಮ್ ಬಂಡಿಗಳು ಇಂದಿಗೂ ತಯಾರಾಗುತ್ತಿವೆ.

ಮನೆಬಂಡಿಗೆ ಎಂಜಿನ್ ಇಲ್ಲ. ಅದನ್ನು ಎಳೆಯಲು ಸಾಮಾನ್ಯವಾಗಿ ಪಿಕಪ್ ಟ್ರಕ್ ಬಳಸುತ್ತಾರೆ. ಮುಂದೆ ಜನ ಕೂರುವ ಕೋಣೆ, ಹಿಂದೆ ಸಾಮಾನು ಹಾಕುವ ತೆರೆದ ತೊಟ್ಟಿ ಇರುವ ಗಾಡಿಯೇ ಪಿಕಪ್. ಇದರ ಹಿಂಭಾಗದಲ್ಲಿ ಒಂದು ಉಕ್ಕಿನ ಗುಂಡು ಇರುತ್ತದೆ. ಮನೆಬಂಡಿಯ ಮೂಕಿಯ ತುದಿಯಲ್ಲಿರುವ ಬಟ್ಟಲಿನಂಥ ಕೊಂಡಿ ಈ ಗುಂಡಿನ ಮೇಲೆ ಕೂರುತ್ತದೆ.

ಕೊಂಡಿ ಸಿಕ್ಕಿಸಿದ ಕೂಡಲೇ ಪಿಕಪ್ಪಿನ ಹಿಂಭಾಗ ಕುಸಿಯುತ್ತದೆ, ಮೂತಿ ಮೇಲೇಳುತ್ತದೆ. ರಾತ್ರಿ ಹೊತ್ತು ದೀಪದ ಬೆಳಕು ರಸ್ತೆಯ ಮೇಲೆ ಬೀಳುವ ಬದಲು ಎದುರು ಬರುವವರ ಕಣ್ಣಿಗೆ ಬೀಳುತ್ತದೆ. ಅದಕ್ಕಿಂತ ದೊಡ್ಡ ಅಪಾಯವೊಂದಿದೆ. ಗಾಡಿಯನ್ನು ತಿರುಗಿಸುವವು ಮುಂದಿನ ಚಕ್ರಗಳು. ಬ್ರೇಕ್ ಹಾಕಿದಾಗ ಹೆಚ್ಚಿನ ಕೆಲಸ ಮಾಡುವವೂ ಅವೇ. ಅವುಗಳ ಮೇಲಿನ ಭಾರ ಕಡಿಮೆಯಾದರೆ ರಸ್ತೆಯ ಮೇಲಿನ ಹಿಡಿತವೂ ಕಡಿಮೆಯಾಗುತ್ತದೆ. ಚಾಲಕ ಸ್ಟೀರಿಂಗ್ ತಿರುಗಿಸಿದಷ್ಟು ಗಾಡಿ ತಿರುಗದೆ ಹೋಗಬಹುದು.

ಎತ್ತಿನ ಗಾಡಿಯ ಪಾಠ

ಇಲ್ಲಿ ನಮ್ಮ ಎತ್ತಿನ ಗಾಡಿಯನ್ನು ನೆನಪಿಸಿಕೊಳ್ಳಿ. ಗಾಡಿಗೆ ಹುಲ್ಲನ್ನೋ ಮೂಟೆಗಳನ್ನೋ ಹೇರುವಾಗ ರೈತರು ಬಹಳ ಎಚ್ಚರ ವಹಿಸುತ್ತಾರೆ. ಭಾರವೆಲ್ಲ ಹಿಂದಕ್ಕೆ ಬಿದ್ದರೆ ಗಾಡಿ ಹಿಂಬಾರವಾಗುತ್ತದೆ. ಆಗ ಮೂಕಿ ಮೇಲೇಳುತ್ತದೆ, ನೊಗ ಎತ್ತಿಕೊಳ್ಳುತ್ತದೆ, ಎತ್ತುಗಳ ಕೊರಳ ಹಗ್ಗ ಬಿಗಿಯುತ್ತದೆ. ಭಾರವೆಲ್ಲ ಮುಂದಕ್ಕೆ ಬಿದ್ದರೆ ಗಾಡಿ ಮುಂಬಾರವಾಗಿ ಎತ್ತುಗಳ ಹೆಗಲು ನೋಯುತ್ತದೆ. ಆದ್ದರಿಂದ ಭಾರದ ಬಹುಪಾಲು ಅಚ್ಚಿನ ಮೇಲೆ ಕೂರುವಂತೆ, ಸ್ವಲ್ಪ ಮಾತ್ರ ನೊಗದ ಮೇಲೆ ಬೀಳುವಂತೆ ಹೇರುತ್ತಾರೆ.

ಮನೆಬಂಡಿಗೂ ಇದೇ ನಿಯಮ. ಸಾಮಾನ್ಯವಾಗಿ ಅದರ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಭಾರ ಮೂಕಿಯ ಮೂಲಕ ಕೊಂಡಿಯ ಮೇಲೆ ಬೀಳಬೇಕು. ಇದಕ್ಕೆ 'ಮೂಕಿ ತೂಕ' ಎನ್ನೋಣ. ಮೂಕಿ ತೂಕ ತೀರಾ ಕಡಿಮೆಯಾದರೆ, ಎಂದರೆ ಬಂಡಿ ಹಿಂಬಾರವಾದರೆ, ವೇಗವಾಗಿ ಹೋಗುವಾಗ ಬಂಡಿ ಹಾವಿನಂತೆ ಅತ್ತಿತ್ತ ಓಲಾಡತೊಡಗುತ್ತದೆ. ಓಲಾಟ ಹೆಚ್ಚಾದರೆ ಅದು ಮುಂದಿನ ಗಾಡಿಯನ್ನೂ ಎಳೆದಾಡಿ ಉರುಳಿಸಬಹುದು. ಆದ್ದರಿಂದ ಹಿಂಭಾಗ ಕುಸಿಯುತ್ತದೆಂದು ಸಾಮಾನನ್ನೆಲ್ಲ ಬಂಡಿಯ ಹಿಂದಕ್ಕೆ ತಳ್ಳುವುದು ಸರಿಯಾದ ಪರಿಹಾರವಲ್ಲ. ಮೂಕಿ ತೂಕ ಇರಲೇಬೇಕು, ಟ್ರಕ್ ಅದನ್ನು ಹೊರಲೇಬೇಕು.

ಒಂದು ಲೆಕ್ಕ

ಟ್ರಕ್ ಹೊರುವ ಭಾರ ಎಷ್ಟು ಎಂದು ಲೆಕ್ಕ ಹಾಕೋಣ. ಒಂದು ಮನೆಬಂಡಿಯ ತೂಕ 1500 ಕಿ.ಗ್ರಾಂ ಎಂದಿಟ್ಟುಕೊಳ್ಳಿ. ಅದರ ಶೇಕಡಾ 12 ಎಂದರೆ 180 ಕಿ.ಗ್ರಾಂ. ಇದೇ ಮೂಕಿ ತೂಕ. ಪಿಕಪ್ಪಿನ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವಿನ ದೂರ 3.6 ಮೀಟರ್. ಹಿಂದಿನ ಅಚ್ಚಿನಿಂದ ಕೊಂಡಿಯ ಗುಂಡಿಗೆ 1.2 ಮೀಟರ್.

ಈಗ ಪಿಕಪ್ಪನ್ನು ಒಂದು ಏತದ ಹಲಗೆ ಎಂದು ಊಹಿಸಿ. ಹಿಂದಿನ ಅಚ್ಚೇ ಆಧಾರಬಿಂದು. ಗುಂಡನ್ನು 180 ಕಿ.ಗ್ರಾಂ ಭಾರ ಕೆಳಕ್ಕೆ ಒತ್ತಿದರೆ ಇನ್ನೊಂದು ತುದಿಯಲ್ಲಿರುವ ಮುಂದಿನ ಚಕ್ರಗಳು ಮೇಲೇಳಲು ನೋಡುತ್ತವೆ. ಎಷ್ಟು? ಸನ್ನೆಯ ನಿಯಮದಂತೆ ಭಾರವನ್ನು ದೂರದಿಂದ ಗುಣಿಸಬೇಕು.

180 × 1.2 = 216
216 ÷ 3.6 = 60

ಎಂದರೆ ಮುಂದಿನ ಚಕ್ರಗಳ ಮೇಲಿದ್ದ ಭಾರದಲ್ಲಿ 60 ಕಿ.ಗ್ರಾಂ ಕಡಿಮೆಯಾಯಿತು. ಆ 60 ಕಿ.ಗ್ರಾಂ ಎಲ್ಲಿಗೆ ಹೋಯಿತು? ಭಾರ ಮಾಯವಾಗುವುದಿಲ್ಲ. ಅದು ಹಿಂದಿನ ಚಕ್ರಗಳ ಮೇಲೆ ಹೋಗಿ ಕೂತಿತು. ಆದ್ದರಿಂದ ಹಿಂದಿನ ಚಕ್ರಗಳಿಗೆ ಹೆಚ್ಚಾದದ್ದು 180 + 60 = 240 ಕಿ.ಗ್ರಾಂ! ಕೊಂಡಿಯ ಮೇಲೆ ಇಟ್ಟದ್ದು 180, ಹಿಂದಿನ ಚಕ್ರ ಹೊತ್ತದ್ದು 240. ನೋಡಿದಿರಾ ಸನ್ನೆಯ ಚಮತ್ಕಾರ?

ಕಮಾನು ಎಷ್ಟು ಬಾಗುತ್ತದೆ?

ಲಾರಿಯ ಚಕ್ರದ ಹತ್ತಿರ ಬಗ್ಗಿ ನೋಡಿದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು ಕಾಣುತ್ತವೆ. (ನಿಂತಿರುವ ಲಾರಿಯನ್ನು ದೊಡ್ಡವರ ಜೊತೆಯಲ್ಲಿದ್ದಾಗ ಮಾತ್ರ ನೋಡಿ.) ಇವು ಬಿಲ್ಲಿನಂತೆ ಬಾಗಿರುವುದರಿಂದ ಇದಕ್ಕೆ ಕಮಾನು ಎನ್ನುತ್ತಾರೆ. ಅನೇಕ ಪಿಕಪ್ಪುಗಳ ಹಿಂದಿನ ಅಚ್ಚಿಗೂ ಇಂಥವೇ ಎರಡು ಕಮಾನುಗಳಿರುತ್ತವೆ. ಗಾಡಿಯ ಚೌಕಟ್ಟಿಗೂ ಚಕ್ರಗಳಿಗೂ ನಡುವೆ ಇದ್ದು ಕುಲುಕಾಟವನ್ನು ತಡೆಯುವ ಇಡೀ ಏರ್ಪಾಡಿಗೆ ಸಸ್ಪೆನ್ಷನ್ ಎಂದು ಹೆಸರು.

ಕಮಾನು ಒಂದು ಬಗೆಯ ಸ್ಪ್ರಿಂಗ್. ಸ್ಪ್ರಿಂಗಿನ ಮೇಲೆ ಭಾರ ಎರಡರಷ್ಟಾದರೆ ಅದು ಕುಗ್ಗುವುದೂ ಎರಡರಷ್ಟಾಗುತ್ತದೆ. ಭಾರ ತೆಗೆದರೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಈ ಗುಣವೇ ಸ್ಥಿತಿಸ್ಥಾಪಕತ್ವ. ಈ ನಿಯಮವನ್ನು ಕಂಡುಹಿಡಿದವರು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್. ಅವರು 1676ರಲ್ಲಿ ಇದನ್ನು ಅಕ್ಷರಗಳನ್ನು ಕಲಸಿದ ಒಂದು ಒಗಟಾಗಿ ಪ್ರಕಟಿಸಿದರು. ಬೇರೆ ಯಾರಿಗೂ ಗುಟ್ಟು ತಿಳಿಯಬಾರದು, ಆದರೆ ಮೊದಲು ಕಂಡುಹಿಡಿದವನು ತಾನೇ ಎಂಬ ದಾಖಲೆಯೂ ಇರಬೇಕು ಎಂಬುದು ಉಪಾಯ! 1678ರಲ್ಲಿ ಒಗಟನ್ನು ಬಿಡಿಸಿ ಹೇಳಿದರು.

ನಮ್ಮ ಲೆಕ್ಕದ ಪಿಕಪ್ಪಿನಲ್ಲಿ ಒಂದೊಂದು ಕಮಾನು 30 ಕಿ.ಗ್ರಾಂಗೆ 1 ಸೆಂ.ಮೀ. ಕುಗ್ಗುತ್ತದೆ ಎಂದಿಟ್ಟುಕೊಳ್ಳಿ. ಎರಡು ಕಮಾನುಗಳು ಸೇರಿ 60 ಕಿ.ಗ್ರಾಂಗೆ 1 ಸೆಂ.ಮೀ. ಹಾಗಾದರೆ 240 ಕಿ.ಗ್ರಾಂಗೆ? 4 ಸೆಂ.ಮೀ. ಹಿಂದಿನ ಅಚ್ಚಿನ ಬಳಿ ಗಾಡಿ 4 ಸೆಂ.ಮೀ. ಇಳಿದರೆ, ಇನ್ನೂ ಹಿಂದಿರುವ ಕೊಂಡಿಯ ಬಳಿ ಅದಕ್ಕಿಂತ ಹೆಚ್ಚು ಇಳಿಯುತ್ತದೆ.

ಮಾಡಿ ನೋಡಿ – 1

ಬೇಕಾಗುವ ವಸ್ತುಗಳು: 30 ಸೆಂ.ಮೀ. ಉದ್ದದ ಒಂದೇ ಬಗೆಯ ಎರಡು ಪ್ಲಾಸ್ಟಿಕ್ ಸ್ಕೇಲು, ದಾರ, ಸಣ್ಣ ಚೀಲ, ಕೆಲವು ನಾಣ್ಯಗಳು ಅಥವಾ ಕಲ್ಲುಗಳು.

ವಿಧಾನ: ಒಂದು ಸ್ಕೇಲನ್ನು ಮೇಜಿನ ಅಂಚಿನಿಂದ 20 ಸೆಂ.ಮೀ. ಹೊರಗೆ ಚಾಚುವಂತೆ ಇಡಿ. ಮೇಜಿನ ಮೇಲಿರುವ ಭಾಗವನ್ನು ಗೆಳೆಯನೊಬ್ಬ ಗಟ್ಟಿಯಾಗಿ ಒತ್ತಿ ಹಿಡಿಯಲಿ. ಹೊರತುದಿಗೆ ಚೀಲ ಕಟ್ಟಿ ಸ್ವಲ್ಪ ನಾಣ್ಯ ಹಾಕಿ. ತುದಿ ಎಷ್ಟು ಬಾಗಿತೆಂದು ಅಳೆದು ಬರೆದುಕೊಳ್ಳಿ. ನಂತರ ಎರಡು ಸ್ಕೇಲುಗಳನ್ನು ಒಂದರ ಮೇಲೊಂದು ಇಟ್ಟು ಅದೇ ಭಾರಕ್ಕೆ ಎಷ್ಟು ಬಾಗುತ್ತದೆ ನೋಡಿ. ಸುಮಾರು ಅರ್ಧದಷ್ಟು ಮಾತ್ರ ಬಾಗುತ್ತದೆ. ಕಮಾನಿನಲ್ಲಿ ಹಲವು ಪಟ್ಟಿಗಳನ್ನು ಏಕೆ ಜೋಡಿಸುತ್ತಾರೆಂದು ಈಗ ತಿಳಿಯಿತಲ್ಲವೇ?

ಕುಸಿದ ಟ್ರಕ್ಕನ್ನು ಎತ್ತುವ ಉಪಾಯಗಳು

1. ಹೆಚ್ಚುವರಿ ಪಟ್ಟಿ: ಕಮಾನಿಗೆ ಇನ್ನೊಂದು ಉಕ್ಕಿನ ಪಟ್ಟಿ ಸೇರಿಸಬಹುದು. ನಿಮ್ಮ ಎರಡನೆಯ ಸ್ಕೇಲಿನಂತೆ ಅದೂ ಭಾರ ಹಂಚಿಕೊಳ್ಳುತ್ತದೆ. ಆದರೆ ಒಂದು ತೊಂದರೆ ಇದೆ. ಪ್ರವಾಸ ಮುಗಿದು ಬಂಡಿ ಬಿಚ್ಚಿಟ್ಟ ಮೇಲೂ ಕಮಾನು ಬಿರುಸಾಗಿಯೇ ಇರುತ್ತದೆ. ಖಾಲಿ ಗಾಡಿ ಸಣ್ಣ ಹಳ್ಳಕ್ಕೂ ಎಗರುತ್ತದೆ. ಖಾಲಿ ಲಾರಿ ಹೋಗುವಾಗ ಧಡಧಡ ಸದ್ದು ಕೇಳಿದ್ದೀರಲ್ಲ, ಹಾಗೆ. ಇದಕ್ಕಾಗಿ ಕೆಲವು ಕಮಾನುಗಳಲ್ಲಿ ಕೆಳಗಿನ ದಪ್ಪ ಪಟ್ಟಿಯನ್ನು ಹೆಚ್ಚು ಬಾಗಿಸದೆ ನೇರವಾಗಿ ಇಟ್ಟಿರುತ್ತಾರೆ. ಕಡಿಮೆ ಭಾರವಿದ್ದಾಗ ಅದು ಸುಮ್ಮನಿರುತ್ತದೆ. ಭಾರ ಹೆಚ್ಚಿ ಮೇಲಿನ ಪಟ್ಟಿಗಳು ಬಗ್ಗಿ ಅದನ್ನು ಮುಟ್ಟಿದಾಗ ಮಾತ್ರ ಕೆಲಸಕ್ಕೆ ಇಳಿಯುತ್ತದೆ.

2. ಗಾಳಿ ಚೀಲ: ಗಾಡಿಯ ಚೌಕಟ್ಟಿಗೂ ಹಿಂದಿನ ಅಚ್ಚಿಗೂ ನಡುವೆ, ಎರಡೂ ಪಕ್ಕದಲ್ಲಿ ಗಟ್ಟಿ ರಬ್ಬರಿನ ಚೀಲ ಕೂರಿಸುತ್ತಾರೆ. ಟೈರಿಗೆ ಗಾಳಿ ತುಂಬುವಂತೆಯೇ ಇದಕ್ಕೂ ತುಂಬಬಹುದು. ಒಳಗೆ ಒತ್ತಡ ಹೆಚ್ಚಿದಂತೆ ಗಾಡಿಯ ಹಿಂಭಾಗ ಮೇಲೇಳುತ್ತದೆ. ಬಂಡಿ ಬಿಚ್ಚಿದ ಮೇಲೆ ಗಾಳಿ ಇಳಿಸಿದರೆ ಗಾಡಿ ಮತ್ತೆ ಮೆತ್ತಗಾಗುತ್ತದೆ. ಪೂರ್ತಿ ಗಾಳಿ ತೆಗೆಯಬಾರದು, ಚೀಲ ಮಡಚಿ ಹರಿಯಬಹುದು.

3. ಶಾಕ್ ಅಬ್ಸಾರ್ಬರ್: ಸ್ಪ್ರಿಂಗಿಗೆ ಒಂದು ಕೆಟ್ಟ ಚಾಳಿ ಇದೆ. ಒಮ್ಮೆ ಅದುಮಿ ಬಿಟ್ಟರೆ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತ ನಿಲ್ಲಿಸುವ ಸಾಧನವೇ ಶಾಕ್ ಅಬ್ಸಾರ್ಬರ್. ಇದು ಎಣ್ಣೆ ತುಂಬಿದ ಕೊಳವೆ. ಒಳಗಿನ ಕೊಂತ ಚಲಿಸುವಾಗ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಕಷ್ಟಪಟ್ಟು ನುಗ್ಗಬೇಕು. ಆಗ ಕುಣಿತದ ಶಕ್ತಿ ಉಷ್ಣವಾಗಿ ಬದಲಾಗಿ ಹೊರಗೆ ಹೋಗುತ್ತದೆ. ಗಾಡಿಯ ಹಿಂಭಾಗದಲ್ಲಿ ಭಾರ ಹೆಚ್ಚಿದಾಗ ಹಳೆಯ, ಸವೆದ ಶಾಕ್ ಅಬ್ಸಾರ್ಬರ್‌ಗಳಿಗೆ ಕುಣಿತ ತಡೆಯಲಾಗುವುದಿಲ್ಲ. ಆಗ ಹೊಸದು ಹಾಕಬೇಕು. ಆದರೆ ನೆನಪಿಡಿ, ಸಾಮಾನ್ಯ ಶಾಕ್ ಅಬ್ಸಾರ್ಬರ್ ಕುಣಿತವನ್ನು ತಡೆಯುತ್ತದೆಯೇ ಹೊರತು ಭಾರ ಹೊರುವುದಿಲ್ಲ.

(ಸೂಜಿ ಇಲ್ಲದ ಹೊಸ ಸಿರಿಂಜಿಗೆ ನೀರು ತುಂಬಿ ಕೊಂತವನ್ನು ಮೆಲ್ಲಗೆ ತಳ್ಳಿ. ಸುಲಭ. ಜೋರಾಗಿ ತಳ್ಳಿ. ಕಷ್ಟ! ವೇಗ ಹೆಚ್ಚಿದಷ್ಟೂ ತಡೆ ಹೆಚ್ಚು. ಶಾಕ್ ಅಬ್ಸಾರ್ಬರ್ ಕೆಲಸ ಮಾಡುವುದೂ ಹೀಗೆಯೇ. ಬಳಸಿ ಎಸೆದ ಸಿರಿಂಜನ್ನು ಮುಟ್ಟಲೇಬಾರದು.)

ಮಟ್ಟವಾಯಿತು, ಸರಿಯಾಯಿತೇ?

ಈಗ ಪಿಕಪ್ಪಿಗೆ ಗಾಳಿ ಚೀಲ ಹಾಕಿದೆವು. ಹಿಂಭಾಗ ಮೇಲೆದ್ದಿತು. ಗಾಡಿ ನೋಡಲು ಮಟ್ಟವಾಗಿದೆ, ದೀಪದ ಬೆಳಕೂ ರಸ್ತೆಗೆ ಬೀಳುತ್ತಿದೆ. ಹಾಗಾದರೆ ಮುಂದಿನ ಚಕ್ರ ಕಳೆದುಕೊಂಡ 60 ಕಿ.ಗ್ರಾಂ ಮರಳಿ ಬಂದಿತೇ?

ಬರಲಿಲ್ಲ! ನಮ್ಮ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಇದ್ದದ್ದು ಎರಡೇ ಸಂಗತಿ: ಭಾರ ಮತ್ತು ದೂರ. ಸ್ಪ್ರಿಂಗು ಎಷ್ಟು ಬಿರುಸು, ಗಾಡಿ ಎಷ್ಟು ಎತ್ತರದಲ್ಲಿ ನಿಂತಿದೆ ಎಂಬುದು ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಕೊಂಡಿಯ ಮೇಲಿನ ಭಾರವೂ ಬದಲಾಗಿಲ್ಲ, ದೂರವೂ ಬದಲಾಗಿಲ್ಲ. ಆದ್ದರಿಂದ ಮುಂದಿನ ಚಕ್ರಗಳು ಇನ್ನೂ 60 ಕಿ.ಗ್ರಾಂ ಹಗುರವಾಗಿಯೇ ಇವೆ. ಗಾಡಿಯ ನಿಲುವು ಸರಿಹೋಗಿದೆ, ಭಾರದ ಹಂಚಿಕೆ ಸರಿಹೋಗಿಲ್ಲ. ಕಣ್ಣಿಗೆ ಮಟ್ಟವಾಗಿ ಕಂಡ ಮಾತ್ರಕ್ಕೆ ಗಾಡಿ ಸುರಕ್ಷಿತ ಎಂದು ತಿಳಿಯಬಾರದು.

ಮಾಡಿ ನೋಡಿ – 2

ಬೇಕಾಗುವ ವಸ್ತುಗಳು: ಗಟ್ಟಿಯಾದ ಮರದ ಸ್ಕೇಲು, ಒಂದೇ ಅಳತೆಯ ಎರಡು ಮೆತ್ತನೆಯ ಸ್ಪಂಜಿನ ತುಂಡು, ಒಂದು ಕಲ್ಲು, ನಾಣ್ಯಗಳು, ರಟ್ಟಿನ ಚೂರುಗಳು.

ವಿಧಾನ: ಒಂದು ಸ್ಪಂಜನ್ನು ಸ್ಕೇಲಿನ ಒಂದು ತುದಿಯ ಕೆಳಗೆ ಇಡಿ. ಇದು ಮುಂದಿನ ಚಕ್ರ. ಇನ್ನೊಂದನ್ನು 20 ಸೆಂ.ಮೀ. ಗುರುತಿನ ಕೆಳಗೆ ಇಡಿ. ಇದು ಹಿಂದಿನ ಚಕ್ರ. 8 ಸೆಂ.ಮೀ. ಗುರುತಿನ ಮೇಲೆ ಕಲ್ಲಿಡಿ. ಇದು ಗಾಡಿಯ ಸ್ವಂತ ತೂಕ. ಮುಂದಿನ ಸ್ಪಂಜಿನ ದಪ್ಪವನ್ನು ಅಳೆಯಿರಿ. ಈಗ 28 ಸೆಂ.ಮೀ. ಗುರುತಿನ ಮೇಲೆ ನಾಣ್ಯಗಳನ್ನು ಪೇರಿಸಿ. ಹಿಂದಿನ ಸ್ಪಂಜು ಅದುಮಿಕೊಳ್ಳುತ್ತದೆ, ಮುಂದಿನದು ಉಬ್ಬುತ್ತದೆ. ಈಗ ಹಿಂದಿನ ಸ್ಪಂಜಿನ ಕೆಳಗೆ ರಟ್ಟಿನ ಚೂರುಗಳನ್ನು ತೂರಿಸಿ ಸ್ಕೇಲನ್ನು ಮಟ್ಟ ಮಾಡಿ. ಮುಂದಿನ ಸ್ಪಂಜಿನ ದಪ್ಪವನ್ನು ಮತ್ತೆ ಅಳೆಯಿರಿ. ಅದು ಮೊದಲಿನ ದಪ್ಪಕ್ಕೆ ಮರಳಿತೇ? ಇಲ್ಲ. ಉಬ್ಬಿಕೊಂಡೇ ಇರುತ್ತದೆ. ರಟ್ಟು ಮಾಡಿದ್ದು ಗಾಳಿ ಚೀಲದ ಕೆಲಸ!

ಭಾರ ಹಂಚುವ ಕೊಂಡಿ

ಮುಂದಿನ ಚಕ್ರಗಳಿಗೆ ಭಾರ ಮರಳಿಸಲು ಇನ್ನೊಂದು ಸನ್ನೆಯೇ ಬೇಕು. ಒಂದು ಚಕ್ರದ ತಳ್ಳುಗಾಡಿಯನ್ನು ನೆನಪಿಸಿಕೊಳ್ಳಿ. ಅದರ ಹಿಡಿಗಳನ್ನು ಮೇಲಕ್ಕೆ ಎತ್ತಿದರೆ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಪಿಕಪ್ಪಿನ ಹಿಂಭಾಗಕ್ಕೂ ಅಂಥದೇ ಎರಡು ಹಿಡಿ ಜೋಡಿಸಿ, ಅವುಗಳನ್ನು ಮೇಲಕ್ಕೆ ಎತ್ತಿದರೆ?

ಭಾರ ಹಂಚುವ ಕೊಂಡಿಯಲ್ಲಿ ಇದೇ ಏರ್ಪಾಡು ಇದೆ. ಕೊಂಡಿಯಿಂದ ಎರಡು ಬಲವಾದ ಉಕ್ಕಿನ ಸರಳುಗಳು ಹಿಂದಕ್ಕೆ, ಬಂಡಿಯ ಮೂಕಿಯ ಕೆಳಗೆ ಚಾಚುತ್ತವೆ. ಅವುಗಳ ತುದಿಯನ್ನು ಸರಪಳಿಯಿಂದ ಮೂಕಿಯ ಚೌಕಟ್ಟಿಗೆ ಎಳೆದು ಬಿಗಿಯುತ್ತಾರೆ. ಸರಳುಗಳು ಸ್ಪ್ರಿಂಗಿನಂತೆ ಸ್ವಲ್ಪ ಬಾಗುತ್ತವೆ. ಆಗ ಪಿಕಪ್ಪಿನ ಮೂತಿ ಕೆಳಗಿಳಿಯುತ್ತದೆ. ಸರಪಳಿಗಳು ಬಂಡಿಯನ್ನು ಕೆಳಕ್ಕೆ ಜಗ್ಗುವುದರಿಂದ ಸ್ವಲ್ಪ ಭಾರ ಬಂಡಿಯ ಚಕ್ರಗಳಿಗೂ ಹೋಗುತ್ತದೆ.

ಇಬ್ಬರು ಒಂದು ಬಿದಿರಿಗೆ ಮೂಟೆ ಕಟ್ಟಿ ಹೆಗಲ ಮೇಲೆ ಹೊತ್ತು ಹೋಗುವುದನ್ನು ನೋಡಿದ್ದೀರಲ್ಲ? ಮೂಟೆ ಯಾರಿಗೆ ಹತ್ತಿರವೋ ಅವರಿಗೆ ಭಾರ ಹೆಚ್ಚು. ಇಲ್ಲಿಯೂ ಹಾಗೆಯೇ. ಮುಂದಿನ ಚಕ್ರಗಳಿಗೆ 60 ಕಿ.ಗ್ರಾಂ ಪೂರ್ತಿ ಮರಳುವಷ್ಟು ಸರಳುಗಳನ್ನು ಬಿಗಿದೆವು ಎನ್ನೋಣ. ಆಗ 180 ಕಿ.ಗ್ರಾಂನ 'ಮೂಟೆ'ಯನ್ನು ಪಿಕಪ್ಪಿನ ಹಿಂದಿನ ಅಚ್ಚು ಮತ್ತು ಬಂಡಿಯ ಅಚ್ಚು ಹಂಚಿಕೊಳ್ಳುತ್ತವೆ. ಕೊಂಡಿಯಿಂದ ಹಿಂದಿನ ಅಚ್ಚಿಗೆ 1.2 ಮೀಟರ್, ಬಂಡಿಯ ಅಚ್ಚಿಗೆ 3.6 ಮೀಟರ್ ಇದ್ದರೆ ಹಿಂದಿನ ಅಚ್ಚಿಗೆ 135 ಕಿ.ಗ್ರಾಂ, ಬಂಡಿಯ ಅಚ್ಚಿಗೆ 45 ಕಿ.ಗ್ರಾಂ. 240 ಕಿ.ಗ್ರಾಂ ಹೊತ್ತಿದ್ದ ಹಿಂದಿನ ಚಕ್ರಗಳಿಗೆ ಈಗ 135 ಮಾತ್ರ! ಕಮಾನೂ 4 ಸೆಂ.ಮೀ. ಬದಲು ಎರಡೂಕಾಲು ಸೆಂ.ಮೀ. ಮಾತ್ರ ಕುಗ್ಗುತ್ತದೆ.

ನಿಜವಾದ ಗಾಡಿಯಲ್ಲಿ ಭಾರವನ್ನು ಪೂರ್ತಿ ಮರಳಿಸಲೇಬೇಕೆಂದಿಲ್ಲ. ಎಷ್ಟು ಮರಳಿಸಬೇಕೆಂದು ಆಯಾ ಗಾಡಿಯ ಕೈಪಿಡಿಯಲ್ಲಿ ಬರೆದಿರುತ್ತದೆ. ಅತಿಯಾಗಿ ಬಿಗಿದರೆ ಹಿಂದಿನ ಚಕ್ರಗಳು ಹಗುರವಾಗಿ ಅವೇ ಜಾರಬಹುದು.

ಮಿತಿ ಮೀರಬಾರದು

"ಕಮಾನಿಗೆ ಪಟ್ಟಿ ಸೇರಿಸಿದ್ದೇನೆ, ಇನ್ನು ಎಷ್ಟು ಬೇಕಾದರೂ ಹೇರಬಹುದು" ಎಂದು ಯಾರಾದರೂ ಹೇಳಿದರೆ ನೀವು ಏನೆನ್ನುತ್ತೀರಿ? ಗಾಡಿ ಹೊರಬಹುದಾದ ಭಾರ ಕಮಾನಿನಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಅಚ್ಚು, ಟೈರು, ಬ್ರೇಕು, ಚೌಕಟ್ಟು, ಕೊಂಡಿ ಇವೆಲ್ಲಕ್ಕೂ ಒಂದೊಂದು ಮಿತಿ ಇದೆ. ಸರಪಳಿಯ ಒಂದು ಕೊಂಡಿ ದಪ್ಪವಾದರೆ ಇಡೀ ಸರಪಳಿ ಗಟ್ಟಿಯಾಗುವುದೇ? ಆದ್ದರಿಂದ ಅಮೆರಿಕದ ಗಾಡಿಗಳಲ್ಲಿ ಚಾಲಕನ ಬಾಗಿಲ ಬಳಿ ತೂಕದ ಮಿತಿಯ ಚೀಟಿ ಅಂಟಿಸಿರುತ್ತಾರೆ. ನಮ್ಮ ಲಾರಿಗಳ ಪಕ್ಕದಲ್ಲಿಯೂ ಖಾಲಿ ತೂಕ, ಭಾರ ತುಂಬಿದಾಗಿನ ತೂಕ ಎಷ್ಟೆಂದು ಬಣ್ಣದಲ್ಲಿ ಬರೆದಿರುವುದನ್ನು ನೋಡಬಹುದು. ಕಮಾನು ಬದಲಿಸಿದರೂ ಆ ಅಂಕಿ ಬದಲಾಗುವುದಿಲ್ಲ.

ಹಾಗಾದರೆ ಸರಿಯಾದ ಕ್ರಮ ಯಾವುದು? ಮೊದಲು ಬಂಡಿಯನ್ನೂ ಮೂಕಿಯನ್ನೂ ತೂಗಿ ನೋಡಬೇಕು. ಭಾರವಾದ ಸಾಮಾನನ್ನು ಬಂಡಿಯ ಅಚ್ಚಿನ ಹತ್ತಿರ, ತುಸು ಮುಂದಕ್ಕೆ, ತಗ್ಗಿನಲ್ಲಿ ಇಡಬೇಕು. ಟೈರಿನ ಗಾಳಿ ಸರಿ ಇರಬೇಕು. ಭಾರವನ್ನು ಹಂಚಬೇಕಾದರೆ ಅದಕ್ಕೆ ತಕ್ಕ ಕೊಂಡಿ ಬಳಸಬೇಕು. ಇಷ್ಟಾದ ಮೇಲೂ ಹಿಂಭಾಗ ಕುಸಿದಿದ್ದರೆ ಗಾಳಿ ಚೀಲವೋ ಹೆಚ್ಚುವರಿ ಪಟ್ಟಿಯೋ ನೆರವಿಗೆ ಬರುತ್ತದೆ. ಹೇರುವುದು ಮೊದಲು, ಎತ್ತುವುದು ಆಮೇಲೆ. ಎತ್ತಿನ ಗಾಡಿಯ ರೈತನಿಗೆ ಇದು ಚೆನ್ನಾಗಿ ಗೊತ್ತು.

ಯೋಚಿಸಿ ಉತ್ತರಿಸಿ

1. ಮನೆಬಂಡಿಯ ತೂಕ 1000 ಕಿ.ಗ್ರಾಂ, ಮೂಕಿ ತೂಕ ಅದರ ಶೇಕಡಾ 12. ಪಾಠದಲ್ಲಿನ ಪಿಕಪ್ಪಿಗೇ ಅದನ್ನು ಕಟ್ಟಿದರೆ ಮುಂದಿನ ಚಕ್ರಗಳು ಎಷ್ಟು ಭಾರ ಕಳೆದುಕೊಳ್ಳುತ್ತವೆ? ಹಿಂದಿನ ಚಕ್ರಗಳಿಗೆ ಎಷ್ಟು ಹೆಚ್ಚಾಗುತ್ತದೆ?
2. ಕೊಂಡಿಯ ಗುಂಡು ಹಿಂದಿನ ಅಚ್ಚಿನ ನೇರ ಮೇಲೆಯೇ ಇದ್ದರೆ ಮುಂದಿನ ಚಕ್ರಗಳ ಭಾರ ಬದಲಾಗುತ್ತದೆಯೇ? ಏಕೆ?
3. ನಿಮ್ಮ ಊರಿನಲ್ಲಿ ಎತ್ತಿನ ಗಾಡಿ ಹೊಡೆಯುವ ಹಿರಿಯರಿದ್ದರೆ ಮುಂಬಾರ, ಹಿಂಬಾರಗಳನ್ನು ಹೇಗೆ ಪರೀಕ್ಷಿಸುತ್ತಾರೆಂದು ಕೇಳಿ ಬರೆಯಿರಿ.

ಉತ್ತರ: 1. ಮುಂದೆ 40 ಕಿ.ಗ್ರಾಂ ಕಡಿಮೆ, ಹಿಂದೆ 160 ಕಿ.ಗ್ರಾಂ ಹೆಚ್ಚು. 2. ಬದಲಾಗುವುದಿಲ್ಲ. ಆಧಾರಬಿಂದುವಿನಿಂದ ಭಾರಕ್ಕಿರುವ ದೂರ ಸೊನ್ನೆಯಾದ್ದರಿಂದ ಗುಣಲಬ್ಧವೂ ಸೊನ್ನೆ.